ಗೋಡೆ ಬೀಳುವುದು ಬೆನ್ನ ಕಡೆಯಿಂದ

ಮಳೆಗಾಲ ಬಂತೆಂದರೆ ಕರಾವಳಿಯ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಕಡಲ್ಕೊರೆತದ ಸುದ್ದಿ ಖಾಯಂ. ಎಷ್ಟು ಮೀಟರ್ ಕಲ್ಲು ಹಾಕಿದರು, ಎಷ್ಟು ಲಕ್ಷ ಖರ್ಚಾಯಿತು ಎಂದು ಬರೆದು ಕಳಿಸುತ್ತೇವೆ. ಹೋದಲ್ಲೆಲ್ಲ ಊರಿನವರು ಕೇಳುವುದು ಒಂದೇ: "ಗೋಡೆ ಇನ್ನೂ ಎತ್ತರ ಮಾಡಿದರೆ ಸುನಾಮಿ ಬಂದರೂ ತಡೆಯುತ್ತದಲ್ಲ?"

ಜಪಾನಿನ ತಾರೊ ಎಂಬ ಮೀನುಗಾರರ ಊರು ಹಾಗೆಯೇ ನಂಬಿತ್ತು. 1896ರಲ್ಲೂ 1933ರಲ್ಲೂ ಸುನಾಮಿಗೆ ಸಿಕ್ಕಿ ನೆಲಸಮವಾದ ಊರದು. ಆಮೇಲೆ ಸುಮಾರು 10 ಮೀಟರ್ ಎತ್ತರದ, ಒಟ್ಟು 2.4 ಕಿಲೋಮೀಟರ್ ಉದ್ದದ ಗೋಡೆ ಕಟ್ಟಿಕೊಂಡರು. 2011ರ ಮಾರ್ಚ್ 11ರಂದು ನೀರು ಅದನ್ನೂ ದಾಟಿ ಬಂತು. ಗೋಡೆಯ ಒಂದು ಭಾಗ ಕೊಚ್ಚಿಯೇ ಹೋಯಿತು.

ಮಳೆಗಾಲದ ಅಲೆ ಬಡಿದು ಕ್ಷಣದಲ್ಲಿ ಹಿಂದೆ ಸರಿಯುತ್ತದೆ. ಸುನಾಮಿ ಹಾಗಲ್ಲ, ಕಡಲೇ ಹೊಳೆಯಾಗಿ ನಿಮಿಷಗಟ್ಟಲೆ ಊರೊಳಗೆ ಹರಿಯುತ್ತದೆ. ಗೋಡೆ ದಾಟಿದ ನೀರು ಊರ ಕಡೆಯ ಬುಡಕ್ಕೆ ಧುಮ್ಮಿಕ್ಕಿ ಮಣ್ಣು ಕೊರೆಯುತ್ತದೆ. ಬುಡ ಹೋದ ಮೇಲೆ ಕಾಂಕ್ರೀಟ್ ಎಷ್ಟು ಗಟ್ಟಿ ಇದ್ದರೇನು? ಆ ವರ್ಷ ಜಪಾನಿನಲ್ಲಿ ಎಷ್ಟೋ ತಡೆಗೋಡೆಗಳು ಹೀಗೆ ಬೆನ್ನ ಕಡೆಯಿಂದ ಸಡಿಲಗೊಂಡು ಬಿದ್ದವು. ಆಮೇಲೆ ಅವರು ಆ ಕಡೆಯ ಬುಡವನ್ನೂ ಗಟ್ಟಿ ಮಾಡತೊಡಗಿದರು. ನೀರು ದಾಟಿದರೂ ಗೋಡೆ ಕೂಡಲೇ ಬೀಳದಿದ್ದರೆ ಜನರಿಗೆ ಓಡಲು ನಾಲ್ಕು ನಿಮಿಷ ಸಿಗುತ್ತದಲ್ಲ.

ಮನೆಗೆ ಬೀಳುವ ಪೆಟ್ಟು ಬೇರೆ ಬಗೆಯದು. ಒಂದೊಂದು ಮೀಟರ್ ಉದ್ದ, ಅಗಲ, ಎತ್ತರದ ತೊಟ್ಟಿಯಲ್ಲಿ ಹಿಡಿಯುವ ಕಡಲ ನೀರು 1 ಟನ್‌ಗೂ ತುಸು ಹೆಚ್ಚು ತೂಗುತ್ತದೆ. ಹರಿವಿನ ವೇಗ 2 ಪಟ್ಟಾದರೆ ಹೊಡೆತ 4 ಪಟ್ಟು. ಜೊತೆಗೆ ದೋಣಿ, ಕಾರು, ಮರದ ದಿಮ್ಮಿ, ಪಕ್ಕದ ಮನೆಯ ಮಾಡು ಎಲ್ಲ ತೇಲಿ ಬಂದು ಗುದ್ದುತ್ತವೆ. ಒನಗಾವಾ ಪೇಟೆಯಲ್ಲಿ ಕಾಂಕ್ರೀಟ್ ಕಟ್ಟಡಗಳೇ ಬುಡಸಮೇತ ಮಗುಚಿದವು. ಒಳಗೆ ಸಿಕ್ಕಿಕೊಂಡ ಗಾಳಿ ಕಟ್ಟಡವನ್ನು ಖಾಲಿ ಕೊಡದಂತೆ ಮೇಲಕ್ಕೆತ್ತುತ್ತದೆ, ಆಮೇಲೆ ಪಕ್ಕದಿಂದ ತಳ್ಳಿದರೆ ಸಾಕು. ದಕ್ಕೆಯ ಚಪ್ಪಡಿ ಕಿತ್ತುಬರುವುದೂ ಕೆಳಗಿನಿಂದ ನೀರು ಒತ್ತಿದಾಗಲೇ.

2004ರಲ್ಲಿ ಸುಮಾತ್ರಾ ತೀರದಲ್ಲಿ ಸುತ್ತಲಿನ ಮನೆಗಳೆಲ್ಲ ಹೋದರೂ ಹಲವು ಮಸೀದಿಗಳು ನಿಂತಿದ್ದವು. ಗಟ್ಟಿ ಕಂಬ, ಕೆಳಗೆ ತೆರೆದ ಜಾಗ. ನೀರಿಗೆ ಹಾದುಹೋಗಲು ದಾರಿ ಇತ್ತು.

"ಅದೆಲ್ಲ ಅತ್ತ ಕಡೆ, ನಮ್ಮ ಅರಬ್ಬಿ ಕಡಲಿಗೆ ಬರುವುದಿಲ್ಲ" ಎನ್ನುವವರುಂಟು. 1945ರ ನವೆಂಬರಿನಲ್ಲಿ ಮಕ್ರಾನ್ ತೀರದ ಭೂಕಂಪದಿಂದ ಎದ್ದ ಸುನಾಮಿ ಮುಂಬೈಗೂ ಬಂದು ಜನರನ್ನು ಬಲಿ ತೆಗೆದುಕೊಂಡಿತ್ತು.

ನಾವು ಇದನ್ನೆಲ್ಲ ಹೇಳಿದಾಗ ಹೆಚ್ಚಿನವರು ತಲೆಯಾಡಿಸಿ ಸುಮ್ಮನಾದರು. ಕಡಲ ಬದಿ ಮನೆ ಕಟ್ಟಿಸುತ್ತಿದ್ದ ಒಬ್ಬರು ಮಾತ್ರ ಎಂಜಿನಿಯರರನ್ನು ಕರೆಸಿ ಪಾಯ ಆಳ ಮಾಡಿಸಿದರು. ಕೆಳಗೆ ಬರೀ ಕಂಬ ಬಿಟ್ಟು ಬಲೆ, ಸ್ಕೂಟರ್ ಇಡಲು ಜಾಗ ಮಾಡಿದ್ದಾರೆ. "ದಿನಾ ಇಷ್ಟು ಮೆಟ್ಟಿಲು ಹತ್ತಿಸಿದ್ದು ನೀವೇ ಮಾರಾಯ್ರೆ" ಎಂದು ಅವರ ಹೆಂಡತಿಗೆ ನಮ್ಮ ಮೇಲೆ ಇನ್ನೂ ಸಿಟ್ಟು.