ಗೋಪುರದ ಕಿವಿ

ಶಬ್ದವು ಆಕಾಶದ ಗುಣವೆಂದು ಪ್ರಾಚೀನ ತಾರ್ಕಿಕರ ಮತ. 1935ರಲ್ಲಿ ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ತೆರೆದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರಾಯಿತು. ಮುಂದೆ ಭಾರತದ ಬಾನುಲಿಗೆಲ್ಲ ಅದೇ ಹೆಸರು ನಿಂತಿತು. ಆದರೆ ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಇಂದು ಅಲ್ಲಲ್ಲಿ ತಲೆಯೆತ್ತಿ ನಿಂತಿರುವ ಮೊಬೈಲ್ ಗೋಪುರಗಳ ಧರ್ಮವೇ ಬೇರೆ. ಬಾನುಲಿಯು ಹೇಳುವದು, ಕೇಳುವದಿಲ್ಲ. ಈ ಗೋಪುರವಾದರೋ ಹೇಳುವದರ ಜೊತೆಗೆ ಕೇಳಲೂ ಬೇಕು. ಅದಕ್ಕೆ ಕಷ್ಟವಾದ ಕೆಲಸವೂ ಕೇಳುವದೇ.

ಕಾರಣವು ಸ್ಪಷ್ಟವಾಗಿದೆ. ಗೋಪುರವು ಹತ್ತಾರು ವಾಟ್ ಶಕ್ತಿಯಿಂದ ನುಡಿಯಬಲ್ಲದು. ಎರಡನೆಯ ಪೀಳಿಗೆಯ 900 ಮೆಗಾಹರ್ಟ್ಸ್ ಪದ್ಧತಿಯಲ್ಲಿ ಕೈಯೊಳಗಿನ ಫೋನಿಗೆ ಹೆಚ್ಚೆಂದರೆ 2 ವಾಟ್. ಅದರಲ್ಲಿಯೂ ಒಂದೇ ವಾಹಕದ ಮೇಲೆ ಎಂಟು ಫೋನುಗಳು ಸರದಿಯಿಂದ ಮಾತಾಡುವವು. ಒಂದೊಂದು ಸರದಿಯು ಸೆಕೆಂಡಿನ ಸುಮಾರು 1,700ನೆಯ ಒಂದು ಭಾಗ ಮಾತ್ರ. ಮಾತು ಅಂಕೆಗಳಾಗಿ ಮಾರ್ಪಟ್ಟು ಆ ಕಿರುಗಂಡಿಯಲ್ಲಿ ತೂರಿ ಬರುವದು. ಆ ಕ್ಷೀಣಸ್ವರವನ್ನು ಗೋಪುರವು ಸರದಿ ತಪ್ಪದೆ ಆರಿಸಿಕೊಳ್ಳಬೇಕು.

ಇದಕ್ಕಾಗಿ ಮೇಲೆ ಮೂರು ದಿಕ್ಕಿಗೆ ಉದ್ದನೆಯ ಆ್ಯಂಟೆನಾಗಳನ್ನು ಕಟ್ಟಿರುವರು. ಒಂದೊಂದು ದಿಕ್ಕಿನ ಪಾಲಿಗೆ ವೃತ್ತದ ಮೂರನೆಯ ಒಂದಂಶ. ಅಷ್ಟು ಎತ್ತರದಲ್ಲಿದ್ದೂ ಅವು ತುಸು ತಲೆಬಾಗಿರುವವು. ಬಾಗದಿದ್ದರೆ ಅವುಗಳ ದನಿಯು ಕೆಳಗಿನ ಮನೆಗಳನ್ನು ಬಿಟ್ಟು ದಿಗಂತಕ್ಕೆ ಹೋದೀತು. ತಂತಿಯಲ್ಲಿ ಶಕ್ತಿ ಸೋರಿಹೋಗಬಾರದೆಂದು ರೇಡಿಯೋ ಪೆಟ್ಟಿಗೆಯನ್ನು ಈಗ ಅವುಗಳ ಬಳಿಯಲ್ಲಿಯೇ ಇಡುವರು. ಅಲ್ಲಿಂದ ಗಾಜಿನ ಎಳೆಯೊಂದು ಕೆಳಗಿನ ಕಪಾಟಿಗೆ ಇಳಿಯುವದು. ಅಂಕೆಗಳ ಲೆಕ್ಕವೆಲ್ಲ ಅಲ್ಲಿಯೇ. ತಳದಲ್ಲಿ 48 ವೋಲ್ಟಿನ ಬ್ಯಾಟರಿಗಳ ಸಾಲು, ಪಕ್ಕದಲ್ಲಿ ಡೀಜೆಲ್ ಜನರೇಟರು, ನೆಲದೊಳಗೆ ಇದ್ದಿಲು ಉಪ್ಪುಗಳನ್ನು ತುಂಬಿದ ಅರ್ಥಿಂಗ್ ಗುಂಡಿ. ಇಳಕಲ್ಲಿನ ಕೆಂಪು ಗ್ರ್ಯಾನೈಟ್ ನೆಲದಲ್ಲಿ ಆ ಗುಂಡಿಯನ್ನು ತೋಡುವದೇ ಒಂದು ಸಾಹಸ. ಬಂಡೆಯು ಸಿಡಿಲನ್ನು ಸುಲಭವಾಗಿ ಒಳಗೊಳ್ಳುವದಿಲ್ಲ.

ರೇಡಿಯೋ ತರಂಗವು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುವದು. ಆದ್ದರಿಂದ ಬಾದಾಮಿಯ ಮರಳುಗಲ್ಲಿನ ಗುಡ್ಡಗಳು ಅದಕ್ಕೂ ನೆರಳು ಬೀರುವವು. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ನಿರ್ಮಾಣವನ್ನು 2010ರ ತಿದ್ದುಪಡಿಯ ಕಾನೂನು ನಿಷೇಧಿಸಿರುವದರಿಂದ, ಗುಹಾಲಯಗಳ ನೆತ್ತಿಯ ಮೇಲೆ ಗೋಪುರವನ್ನು ನಿಲ್ಲಿಸುವಂತಿಲ್ಲ. ಅದು ಉಚಿತವೂ ಹೌದು. ಹೀಗಾಗಿ ಒಂದು ಗೋಪುರಕ್ಕೆ ಕೇಳದ್ದನ್ನು ಇನ್ನೊಂದು ಕೇಳಬೇಕು. ಬಸ್ಸಿನಲ್ಲಿ ಹೋಗುವವನ ಮಾತನ್ನು ಒಂದು ಇನ್ನೊಂದಕ್ಕೆ ಒಪ್ಪಿಸುವ ಬಗೆಯನ್ನು ಇಳಕಲ್ಲಿನ ನೇಕಾರರಿಗೆ ವಿವರಿಸಬೇಕಾಗಿಲ್ಲ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಅವರು ಕೊಂಡಿ ಹಾಕಿ ಕೂಡಿಸುವರು. ಉಡುವವಳಿಗೆ ಅದು ಒಂದೇ ಸೀರೆ.

ಆದರೆ ಕೊಂಡಿ ಕಳಚುವದೂ ಉಂಟು. ಹುನಗುಂದದ ಕಡೆಯ ಹಳ್ಳಿಯೊಂದರಲ್ಲಿ ಮಳೆಗಾಲದ ಒಂದು ರಾತ್ರಿ ಸೊಸೆಗೆ ಹೆರಿಗೆಯ ಬೇನೆ ಬಂದಿತು. ಸಂಜೆಯಿಂದಲೇ ವಿದ್ಯುತ್ತು ಇರಲಿಲ್ಲ. ಮಗನು 108ಕ್ಕೆ ಕರೆ ಮಾಡಲು ಮೂರು ಸಲ ಯತ್ನಿಸಿ, “ಟವರ್ ಇಲ್ಲಪ್ಪಾ” ಎಂದನು. ಮುದುಕನು ಬಾಗಿಲಿಗೆ ಬಂದು ನೋಡಿದನು. ಮಿಂಚಿನಲ್ಲಿ ಗೋಪುರವು ನೆಟ್ಟಗೆ ನಿಂತದ್ದು ಕಾಣುತ್ತಿತ್ತು. ಕಣ್ಣೆದುರಿಗೇ ಇದ್ದದ್ದು ಇಲ್ಲವೆಂಬ ಮಾತು ಅವನಿಗೆ ಅರ್ಥವಾಗಲಿಲ್ಲ. ಮಗನು ಗಾಡಿಯ ಮೇಲೆ ದಿನ್ನೆಯವರೆಗೆ ಹೋದನು. ಅಲ್ಲಿ ದೂರದ ಇನ್ನೊಂದು ಗೋಪುರವು ಅವನ ದನಿಯನ್ನು ಕೇಳಿತು. ತಾಯಿ ಮಕ್ಕಳಿಬ್ಬರೂ ಉಳಿದರು.

ಬ್ಯಾಟರಿಗಳು ಹಳತಾಗಿದ್ದವು, ಜನರೇಟರಿನ ಡೀಜೆಲ್ ತೀರಿತ್ತು ಎಂಬುದು ಮರುದಿನ ತಿಳಿಯಿತು. ಎಂತಹ ಸೂಕ್ಷ್ಮ ಕಿವಿಯಾದರೂ ಅದಕ್ಕೆ ಅನ್ನ ನೆಲದಿಂದಲೇ ಬರಬೇಕು. ಅನ್ನವಿಕ್ಕುವ ಕೈ ಮರೆತರೆ ಆಕಾಶವೂ ಕಿವುಡಾಗುವದು. ಆ ಮುದುಕನು ಶಾಸ್ತ್ರ ಓದಿದವನಲ್ಲ. ಆದರೆ ಅಂದಿನಿಂದ ಗೋಪುರವನ್ನು ನೋಡಿಕೊಳ್ಳಲು ಬರುವ ಹುಡುಗನನ್ನು ಕಂಡಾಗಲೆಲ್ಲ ಕೂಗಿ ಕೇಳುವನು:

“ತಮ್ಮಾ, ಎಣ್ಣಿ ಹಾಕೀಯೇನೋ?”