ಒಂದು ಇಸವಿ, ಎರಡು ಹೆಸರು

ನಮ್ಮ ಕಲಬುರಗಿ ಕಡೆಯ ಹಳಬರಿಗೆ ಹುಟ್ಟಿದ ತಾರೀಕು ಗೊತ್ತಿರಲಿಲ್ಲ. ವಯಸ್ಸು ಕೇಳಿದರೆ ಒಂದು ದೊಡ್ಡ ಘಟನೆಯ ಆಸರೆ ಹಿಡಿದು ಲೆಕ್ಕ ಹಾಕುತ್ತಿದ್ದರು. ನಮ್ಮ ದಾದಿಮಾ 'ಪೋಲಿಸ್ ಏಕ್ಷನ್ ಆದಾಗ ನನಗೆ ಹನ್ನೆರಡು' ಎನ್ನುತ್ತಿದ್ದರು. ಎದುರು ಮನೆಯ ಮುತ್ಯಾ 'ರಜಾಕಾರರ ಹಾವಳ್ಯಾಗ ನಾ ಇನ್ನಾ ದನ ಕಾಯತಿದ್ದೆ' ಎನ್ನುತ್ತಿದ್ದರು. ಇಬ್ಬರೂ ಹೇಳುತ್ತಿದ್ದುದು 1948ನೇ ಇಸವಿಯನ್ನೇ. ದಾದಿಮಾ ಎಂದೂ 'ಹಾವಳಿ' ಎಂದದ್ದನ್ನು ನಾನು ಕೇಳಿಲ್ಲ. ಮುತ್ಯಾ ಎಂದೂ 'ಏಕ್ಷನ್' ಎನ್ನಲಿಲ್ಲ. ಶಾಲೆಗೆ ಹೋದ ಮೇಲೆ ಅದಕ್ಕೆ ಮೂರನೆಯ ಹೆಸರೂ ಸಿಕ್ಕಿತು: ವಿಮೋಚನೆ.

ಮೈಸೂರು, ಮಂಗಳೂರು ಕಡೆಯ ಓದುಗರಿಗೆ ಸ್ವಲ್ಪ ವಿವರ ಬೇಕಾಗಬಹುದು. 1947ರ ಆಗಸ್ಟ್ 15 ನಮ್ಮ ಭಾಗಕ್ಕೆ ಬರಲಿಲ್ಲ. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪದೆ ನವೆಂಬರ್‌ನಲ್ಲಿ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡರು. ಆ ವರ್ಷ ಪೂರ್ತಿಯಾಗುವ ಮೊದಲೇ, 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು. 17ರಂದು ನಿಜಾಮರು ಸೋಲೊಪ್ಪಿದರು. ಐದು ದಿನದ ಕೆಲಸ. ಸೈನ್ಯ ಬಂದರೂ ಅದಕ್ಕೆ 'ಪೊಲೀಸ್ ಕಾರ್ಯಾಚರಣೆ' ಎಂದು ಹೆಸರಿಟ್ಟದ್ದು ದಿಲ್ಲಿಯವರ ಜಾಣತನ. ಆ ಹೆಸರು ನಮ್ಮ ಮನೆಯ ಹೆಂಗಸರ ಬಾಯಲ್ಲಿ ಇಷ್ಟು ಕಾಲ ಉಳಿದೀತೆಂದು ಅವರೂ ಎಣಿಸಿರಲಿಕ್ಕಿಲ್ಲ.

ಮುತ್ಯಾ ಹೇಳುತ್ತಿದ್ದ ಅರ್ಧವನ್ನು ಮೊದಲು ಹೇಳಬೇಕು. ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದ ಮುಖಂಡ, ಲಾತೂರಿನ ವಕೀಲ ಕಾಸಿಂ ರಜ್ವಿ ಮುನ್ನಡೆಸಿದ ರಜಾಕಾರ್ ಪಡೆ ಹಳ್ಳಿಗಳಲ್ಲಿ ಲೂಟಿ ಮಾಡಿತು, ಮನೆ ಸುಟ್ಟಿತು, ಕೊಂದಿತು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕೊಲೆಗಳನ್ನು ಆ ಸೀಮೆ ಇಂದಿಗೂ ಮರೆತಿಲ್ಲ. ಸಾವಿರಾರು ಕುಟುಂಬಗಳು ಸೊಲ್ಲಾಪುರದ ಕಡೆ ಗಡಿ ದಾಟಿ ಹೋಗಿ ಬದುಕಿದವು. ನಮ್ಮವರಲ್ಲಿ ಕೆಲವರು ಇದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ. ತಗ್ಗಿಸಬೇಕಾದ ಕಾರಣವಿಲ್ಲ. ಹೈದರಾಬಾದಿನ 'ಇಮ್ರೋಜ್' ಉರ್ದು ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್ ಭಾರತಕ್ಕೆ ಸೇರುವುದೇ ಸರಿ ಎಂದು ಬರೆದರು. ಅದೇ ಆಗಸ್ಟ್‌ನಲ್ಲಿ ಅವರನ್ನು ಬೀದಿಯಲ್ಲಿ ಕೊಂದು, ಬರೆಯುವ ಕೈಯನ್ನು ಕತ್ತರಿಸಿದರು. ನಮ್ಮ ಮನೆಗಳಲ್ಲಿ ಮೊದಲು ನೆನೆಯಬೇಕಾದ ಹೆಸರು ಅದು. ನಾನು ನಾಲ್ಕನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವನು, ಆಮೇಲೆ ಕನ್ನಡ ಶಾಲೆಯಲ್ಲಿ. ಎರಡೂ ಕಡೆ ಆ ಹೆಸರು ಕಿವಿಗೆ ಬೀಳಲಿಲ್ಲ.

ಇನ್ನು ದಾದಿಮಾಳ ಅರ್ಧ. ಅದು ಮುತ್ಯಾನ ಕತೆ ಮುಗಿದ ದಿನದಿಂದ ಶುರುವಾಗುತ್ತದೆ. ರಜಾಕಾರರು ಓಡಿಹೋದರು. ಓಡಲು ಕಾರಣವೇ ಇಲ್ಲದವರು ಊರಲ್ಲಿ ಉಳಿದರು. ಸೇಡು ಬಂದದ್ದು ಇವರ ಮನೆಬಾಗಿಲಿಗೆ. ದಾದಿಮಾ ಎರಡು ರಾತ್ರಿ ಸಜ್ಜೆ ಹೊಲದಲ್ಲಿ ಕೂತರು. ಮೂರನೇ ದಿನ ಲಿಂಗಾಯತರ ಒಂದು ಮನೆಯವರು ಕರೆದೊಯ್ದು ಒಳಕೋಣೆಯಲ್ಲಿ ಇಟ್ಟುಕೊಂಡರು. ಹೊಲದಿಂದ ಅವರ ಅಣ್ಣ ಬರಲಿಲ್ಲ. ಇದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ. ಆ ಮನೆಯವರ ಜೋಳದ ರೊಟ್ಟಿ ಎಷ್ಟು ತೆಳ್ಳಗಿರುತ್ತಿತ್ತು ಎಂಬುದನ್ನು ಮಾತ್ರ ಬಹಳ ಸಲ ಹೇಳುತ್ತಿದ್ದರು.

ಏನಾಯಿತೆಂದು ನೋಡಿಬರಲು ನೆಹರೂ ಸರ್ಕಾರ ಪಂಡಿತ ಸುಂದರಲಾಲರ ಜೊತೆ ಖಾಜಿ ಅಬ್ದುಲ್ ಗಫ್ಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಕಳಿಸಿತು. 1948ರ ಕೊನೆಯ ತಿಂಗಳುಗಳಲ್ಲಿ ಅವರು ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಸುತ್ತಿದರು. ಸತ್ತವರು 27,000ದಿಂದ 40,000 ಇರಬಹುದೆಂಬುದು ಅವರ ಅಂದಾಜು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು: ಕಲಬುರಗಿ ಮತ್ತು ಬೀದರ್. ಉಳಿದೆರಡು ಉಸ್ಮಾನಾಬಾದ್, ನಾಂದೇಡ್. ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ಅದರ ಪೂರ್ತಿ ಪಾಠ ಸಾಮಾನ್ಯ ಓದುಗರ ಕೈಗೆ ಬಂದದ್ದು 2013ರ ಸುಮಾರಿಗೆ. ಅಷ್ಟರಲ್ಲಿ ದಾದಿಮಾ ತೀರಿಕೊಂಡಿದ್ದರು.

ಕತೆ ಬರೆಯುವವನಾದ ನನಗೆ ಈ ಖಾಜಿ ಅಬ್ದುಲ್ ಗಫ್ಫಾರ್ ಎಂಬವರೇ ಬಹಳ ಕಾಡುತ್ತಾರೆ. ಉರ್ದು ಓದಿದವರಿಗೆ ಅವರು 'ಲೈಲಾ ಕೆ ಖುತೂತ್' ಕಾದಂಬರಿಯಿಂದ ಗೊತ್ತು. ಹೆಣ್ಣೊಬ್ಬಳ ಪತ್ರಗಳ ರೂಪದಲ್ಲಿ ಕಾದಂಬರಿ ಬರೆದ ಮನುಷ್ಯ, ಹೈದರಾಬಾದಿನಲ್ಲಿ 'ಪಯಾಮ್' ಪತ್ರಿಕೆ ನಡೆಸಿದವರು. ಅಂಥವರು ಹಳ್ಳಿ ಹಳ್ಳಿಗೆ ಹೋಗಿ ಸತ್ತವರನ್ನು ಲೆಕ್ಕ ಮಾಡಬೇಕಾಯಿತು. ಆ ವರದಿಯಲ್ಲಿ ಅಲಂಕಾರವಿಲ್ಲ. ಕೆಲವೆಡೆ ಸಮವಸ್ತ್ರದವರೂ ಲೂಟಿಗೆ ಕುಮ್ಮಕ್ಕು ಕೊಟ್ಟರು ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಹಾಗೆಯೇ ಇನ್ನೊಂದನ್ನೂ ಮುಚ್ಚಿಡುವುದಿಲ್ಲ: ಎಷ್ಟೋ ಕಡೆ ಹಿಂದೂಗಳು ಮುಸ್ಲಿಮರನ್ನು ಕಾಪಾಡಿದರು, ಹಿಂದೂ ನೇಕಾರರು ತಮ್ಮ ಜೊತೆಗಾರ ಮುಸ್ಲಿಂ ನೇಕಾರರನ್ನು ಉಳಿಸಲು ಹೋಗಿ ತಾವೇ ಪ್ರಾಣ ಕೊಟ್ಟದ್ದೂ ಇದೆ. ಒಂದೇ ಕಸುಬಿನವರ ನಡುವೆ ಈ ಒಲುಮೆ ಹೆಚ್ಚಾಗಿತ್ತು ಎನ್ನುತ್ತದೆ ವರದಿ. ನಾನು ಅದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತೆ.

'ನಿಮ್ಮ ರಾಜ್ಯ ಇತ್ತಲ್ಲ ಆಗ' ಎಂದು ಈಗಲೂ ಕೆಲವರು ನನ್ನನ್ನು ನಗುತ್ತಾ ಕೇಳುವುದುಂಟು. ನಮ್ಮ ದಾದಾ ಆ ರಾಜ್ಯದಲ್ಲಿ ಟಾಂಗಾ ಹೊಡೆಯುತ್ತಿದ್ದರು. ಪ್ರತಿಯೊಬ್ಬ ಮುಸಲ್ಮಾನನೂ ಈ ರಾಜ್ಯದ ಮಾಲೀಕ ಎಂದು ಇತ್ತೆಹಾದ್‌ನವರು ಹೇಳಿಕೊಡುತ್ತಿದ್ದರು. 'ಅನಲ್ ಮಲಿಕ್' ಎಂಬುದು ಅವರ ಘೋಷಣೆ. ಟಾಂಗಾ ಹೊಡೆಯುವ ಮಾಲೀಕ! ಕುದುರೆಗೆ ಹುಲ್ಲನ್ನು ಮಾತ್ರ ಮಾಲೀಕನೇ ಕೊಯ್ದು ತರಬೇಕಾಗಿತ್ತು. ನಿಜವಾದ ಮಾಲೀಕರಿಗೆ ಏನಾಯಿತೆಂದು ನೋಡಿ. ನಿಜಾಮರು 1950ರಿಂದ 1956ರವರೆಗೆ ಅದೇ ರಾಜ್ಯದ ರಾಜಪ್ರಮುಖರಾಗಿದ್ದರು. ಕಾಸಿಂ ರಜ್ವಿ 1957ರಲ್ಲಿ ಜೈಲಿನಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಹೊಲದಲ್ಲಿ ಉಳಿದವರು ದಾದಿಮಾಳ ಅಣ್ಣನಂಥವರು.

ಆದರೂ 1948 ಬರೀ ರಕ್ತದ ಇಸವಿಯಲ್ಲ, ಅದನ್ನೂ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ. 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಗೇಣಿದಾರರಿಗೆ ರಕ್ಷಣೆಯ ಕಾಯ್ದೆ ಬಂತು. ಜಾಗೀರುದಾರನ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ ರೈತನಿಗೆ, ಆತ ಯಾವ ಜಾತಿಯವನಾಗಿರಲಿ, ಇದು ಸಣ್ಣ ಸಂಗತಿಯಲ್ಲ. ಕನ್ನಡದ ಮಕ್ಕಳು ತಮ್ಮದಲ್ಲದ ನುಡಿಯಲ್ಲಿ ಗಣಿತ, ಚರಿತ್ರೆ ಬಾಯಿಪಾಠ ಮಾಡುವ ಕಾಲವೂ ಮುಗಿಯಿತು. ಅದು ಅನ್ಯಾಯವೇ ಆಗಿತ್ತು. ಆದರೆ ಆ ಅನ್ಯಾಯದಲ್ಲಿ ಬೆಳೆದ ರಾಯಚೂರು ಸೀಮೆಯ ಶಾಂತರಸರು ಉರ್ದುವನ್ನು ದ್ವೇಷಿಸಲಿಲ್ಲ, ಕನ್ನಡಕ್ಕೆ ಗಜಲ್ ತಂದರು. 2006ರಲ್ಲಿ ಬೀದರಿನಲ್ಲಿ ಸಾಹಿತ್ಯ ಸಮ್ಮೇಳನವಾದಾಗ ಅವರೇ ಅಧ್ಯಕ್ಷರು.

ಭಾಷೆ ಬದಲಾದಾಗ ಕಚೇರಿಯ ಮೇಜಿನ ಈಚೆಗಿದ್ದವರು ಆಚೆಗೆ ಹೋದರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಉರ್ದುವಿನಲ್ಲಿ ಟಿಪ್ಪಣಿ ಬರೆಯುತ್ತಿದ್ದ ಗುಮಾಸ್ತರು ನಲವತ್ತರ ವಯಸ್ಸಿನಲ್ಲಿ ಅ ಆ ಇ ಈ ತಿದ್ದಿದರು. ಕೆಲವರಿಗೆ ಬಂತು, ಕೆಲವರು ಮನೆಗೆ ಹೋದರು. ಭಾಷೆ ಹೋದರೂ ಅದರ ಪದಗಳು ಕುರ್ಚಿ ಬಿಡಲಿಲ್ಲ. ಅರ್ಜಿ, ರಸೀದಿ, ಜಪ್ತಿ, ದಾಖಲೆ, ತಹಸೀಲ್ದಾರ, ವಕೀಲ, ಜಿಲ್ಲೆ, ಜಮೀನು, ಕೊನೆಗೆ 'ಸರ್ಕಾರ'ವೂ. ನಿಜಾಮನನ್ನೇ ಕಾಣದ ಹಳೇ ಮೈಸೂರಿನವರೂ ಇವನ್ನೇ ಆಡುತ್ತಾರೆ.

ಕಾಗದಗಳೂ ಉಳಿದವು. ಅವನ್ನು ಓದುವವರು ಕಡಿಮೆಯಾದರು. ನನ್ನ ಬಳಿ ಹಳೆಯ ಕಾಗದ ಹಿಡಿದು ಬರುವವರು ಬಹುತೇಕ ಮುಸ್ಲಿಮರಲ್ಲ, ಸುತ್ತಲಿನ ಹಳ್ಳಿಯ ರೈತರು. ಎಲ್ಲವೂ ಶಿಕಸ್ತಾ ಬರಹ. ಚುಕ್ಕಿಗಳಿಲ್ಲ, ಅಕ್ಷರಕ್ಕೆ ಅಕ್ಷರ ಸಿಕ್ಕಿಕೊಂಡಿರುತ್ತದೆ. ಹಣವನ್ನು ಅಂಕಿಯಲ್ಲಿ ಬರೆಯದೆ ರಕಮಿನ ಗುರುತಿನಲ್ಲಿ ಬರೆದಿದ್ದರೆ ನನಗೂ ಅರ್ಧ ದಿನ ಬೇಕು. ತಾರೀಕು ಫಸಲಿಯಲ್ಲಿ: ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ. ಫಸಲಿ 1357 ಎಂದು ಕಂಡರೆ ಕೈ ತಾನಾಗಿ ನಿಲ್ಲುತ್ತದೆ. ಅದು 1947ರ ಅಕ್ಟೋಬರ್‌ನಿಂದ 1948ರ ಅಕ್ಟೋಬರ್‌ವರೆಗಿನ ವರ್ಷ.

ಕೆಲವು ವರ್ಷಗಳ ಹಿಂದೆ ಎಂಬತ್ತರ ಆಸುಪಾಸಿನ ಒಬ್ಬ ಹಿರಿಯರು ಮೊಮ್ಮಗನ ಬೈಕಿನ ಹಿಂದೆ ಕೂತು ಬಂದರು. ಕೈಯಲ್ಲಿ ಎರಡು ಕಾಗದ. ಒಂದು ಫಸಲಿ 1354ರ ಖರೀದಿ ಪತ್ರ, ಇನ್ನೊಂದು ಫಸಲಿ 1359ರ ಅಣ್ಣತಮ್ಮಂದಿರ ವಾಟ್ನಿ. ಒಂದೇ ಮನೆಯ ಜಾಗ, ಅದೇ ನಾಲ್ಕು ದಿಕ್ಕಿನ ಚೆಕ್ಕುಬಂದಿ. ಮೊದಲನೆಯದರಲ್ಲಿ ಉತ್ತರಕ್ಕೆ ಒಬ್ಬ ಪಿಂಜಾರನ ಮನೆ ಎಂದು ಹೆಸರು ಸಮೇತ ಇತ್ತು. ಎರಡನೆಯದರಲ್ಲಿ ಅದೇ ಜಾಗದಲ್ಲಿ 'ಮಕಾನ್-ಎ-ವೀರಾನ್' ಎಂದಷ್ಟೇ ಇತ್ತು. ಪಾಳು ಮನೆ. ಹೆಸರಿಲ್ಲ.

ಜಗಳ ಇದ್ದದ್ದೂ ಅದೇ ಉತ್ತರದ ಜಾಗದ ಮೇಲೆ. ಅನುವಾದದಲ್ಲಿ 'ಖುಲ್ಲಾ ಜಾಗ' ಎಂದು ಬಂದರೆ ಕೇಸಿಗೆ ಅನುಕೂಲ ಎಂದು ಅವರ ವಕೀಲರು ಹೇಳಿಕಳಿಸಿದ್ದರು. ಮೊಮ್ಮಗ ಅದನ್ನು ಸಂಕೋಚದಿಂದಲೇ ಹೇಳಿದ. ಹಾಗೆ ಬರೆಯಲು ಬರುವುದಿಲ್ಲ ಎಂದೆ. ಹುಡುಗ ಅಜ್ಜನ ಮುಖ ನೋಡಿದ.

ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಸಾಹೇಬ್ರ, ಬ್ಯಾಸಗಿ ದಿನದಾಗ ರಜಾಕಾರರಿಗೆ ಅಂಜಿ ನಾವು ಸೊಲ್ಲಾಪುರದ ಕಡಿ ಕ್ಯಾಂಪಿಗೆ ಹೋದಿವಿ. ನಮ್ಮ ಎತ್ತಿಗೆ ನೀರು ಕುಡಸ್ತೀನಿ ಅಂತ ಅವ್ರ ಹೇಳಿದ್ರು. ನಾವು ಹೋಗೂಮುಂದ ಅವ್ರಿದ್ರು. ನಾವು ಬರೂಮುಂದ ಅವ್ರಿರ್ಲಿಲ್ಲ' ಎಂದರು. ಪಿಂಜಾರರ ಮನೆಮಾತು ಕನ್ನಡವೇ ಅಂತೆ. 'ನಮ್ಹಂಗ ಮಾತಾಡ್ತಿದ್ರು. ಈ ಉರ್ದು ಕಾಗದ ಅವ್ರಿಗೂ ಓದಾಕ ಬರ್ತಿರ್ಲಿಲ್ಲ, ನಮ್ಮಪ್ಪಗೂ ಬರ್ತಿರ್ಲಿಲ್ಲ.'

2012ರ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ 371 ಜೆ ಬಂದಿದೆ; ಆ ಹುಡುಗನೂ ನನ್ನ ಮಗನೂ ಒಂದೇ ಸಾಲಿನಲ್ಲಿ ನಿಂತು ಅದರ ಪ್ರಮಾಣಪತ್ರ ತಂದವರು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವಾಯಿತು. ಪ್ರತಿ ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಬಾವುಟ ಹಾರುತ್ತದೆ, ಭಾಷಣಗಳಾಗುತ್ತವೆ. ಗೋರ್ಟಾದ ಹೆಸರು ಬರುತ್ತದೆ, ಬರಬೇಕು. ಹದಿನೆಂಟನೇ ತಾರೀಕಿನ ಮಾತು ಯಾರೂ ಎತ್ತುವುದಿಲ್ಲ.

ಅಜ್ಜ ಕೊನೆಗೆ, 'ಪಾಳು ಮನಿ ಅಂತನ ಬರೀರಿ. ಮನಿ ಇತ್ತಲ್ರಿ' ಎಂದರು. ಬರೆದೆ. ಹೊರಡುವ ಮುನ್ನ ಮೊದಲ ಕಾಗದದ ಆ ಉತ್ತರದ ಸಾಲನ್ನು ಇನ್ನೊಮ್ಮೆ ಓದಿರಿ ಎಂದರು. ಪಿಂಜಾರನ ಹೆಸರು, ಅವನ ತಂದೆಯ ಹೆಸರು ಓದಿದೆ. 'ಹೂಂ, ಅವರ' ಎಂದು ತಲೆಯಾಡಿಸಿ, ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಗೆ ಇಟ್ಟುಕೊಂಡರು. ಹುಡುಗ ಆಗಲೇ ಬೈಕ್ ಚಾಲೂ ಮಾಡಿದ್ದ.