ನೀರಿನ ಮೇಲಿನ ಅಂಕಿಗಳು

ಮಕ್ಕಳೇ, ನಮ್ಮ ಚಿತ್ರದುರ್ಗ ಜಿಲ್ಲೆಗೆ ಸಮುದ್ರವಿಲ್ಲ. ಸಿರಿಗೆರೆಯ ಹೆಸರಿನಲ್ಲೇ ಕೆರೆ ಇದೆ, ನಿಜ. ಆದರೆ ಕಡಲು ನೋಡಬೇಕೆಂದರೆ ಘಟ್ಟ ಇಳಿದು ಹೋಗಬೇಕು. ಅಂಥ ಊರಿನಲ್ಲಿ ಕಡಲಿನ ನಕ್ಷೆಯೊಂದು ನನಗೆ ಪಾಠ ಕಲಿಸಿತು.

ಕೆಲವು ವರ್ಷಗಳ ಹಿಂದೆ ಸಿರಿಗೆರೆ ಸಮೀಪದ ಶಾಲೆಯೊಂದಕ್ಕೆ ವಿಜ್ಞಾನ ಚಟುವಟಿಕೆ ನಡೆಸಲು ಹೋಗಿದ್ದೆ. ಕೆನರಾ ಕರಾವಳಿಯ ಹಳೆಯ ಕಡಲ ನಕ್ಷೆಯೊಂದರ ಪ್ರತಿಯನ್ನು ಗೋಡೆಗೆ ತೂಗುಹಾಕಿದೆ. ಅದರಲ್ಲಿ ಹೊನ್ನಾವರ ‘ಓನೋರ್’ ಆಗಿತ್ತು, ಬಸರೂರು ‘ಬಾರ್ಸೆಲೋರ್’ ಆಗಿತ್ತು. ಮಕ್ಕಳೆಲ್ಲ ನಕ್ಕರು. "ವಿದೇಶಿಯರು ತಮಗೆ ಕೇಳಿಸಿದಂತೆ ಬರೆದುಕೊಂಡರು. ನಮ್ಮ ಚಿತ್ರದುರ್ಗವನ್ನೂ ‘ಚಿಟಲ್‌ಡ್ರೂಗ್’ ಎಂದು ಬರೆಯುತ್ತಿದ್ದರು" ಎಂದೆ.

ಆಗ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ನೆಲದ ಮೇಲೆ ಊರಿನ ಹೆಸರು ಐತೆ. ನೀರಿನ ಮೇಲೆ ಬರೀ ಅಂಕಿ ಐತಲ್ಲ, ಯಾಕೆ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. "ದಡದಿಂದ ಎಷ್ಟು ಮೈಲಿ ದೂರ ಅಂತ ಬರೆದಿದ್ದಾರೆ" ಎಂದುಬಿಟ್ಟೆ. ಅವಳು ನಕ್ಷೆಯ ಬಳಿ ಬಂದು ಬೆರಳಿಟ್ಟು ತೋರಿಸಿದಳು. "ದಡದ ಹತ್ರ 7 ಐತೆ. ಅದಕ್ಕಿಂತ ದೂರದಾಗೆ 5 ಐತಲ್ಲ ಸಾರ್?"

"ಮುಂದಿನ ಸಲ ನೋಡೋಣ" ಎಂದು ತಪ್ಪಿಸಿಕೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ 7 ಮತ್ತು 5 ನನ್ನನ್ನು ಬಿಡಲಿಲ್ಲ. ಎಂ.ಎಸ್ಸಿ. ಓದಿದ ನನಗಿಂತ ಅವಳೇ ಆ ನಕ್ಷೆಯನ್ನು ಸರಿಯಾಗಿ ನೋಡಿದ್ದಳು.

ಪುಸ್ತಕ ಹುಡುಕಿ ಓದಿದಾಗ ಉತ್ತರ ಸಿಕ್ಕಿತು. ಅವು ದೂರದ ಅಂಕಿಗಳಲ್ಲ, ಆಳದ ಅಂಕಿಗಳು! ಅಳತೆಯ ಹೆಸರು ಫ್ಯಾದಮ್. ಒಂದು ಫ್ಯಾದಮ್ ಎಂದರೆ 6 ಅಡಿ, ಸುಮಾರು 1.83 ಮೀಟರ್. ಈ ಅಳತೆ ನಿಮಗೆ ಹೊಸದೇನಲ್ಲ. ಎರಡೂ ಕೈ ಚಾಚಿ ಸೇವಂತಿಗೆ ಹೂವನ್ನು ಅಳೆಯುತ್ತಾರಲ್ಲ, ಅದೇ ನಮ್ಮ ‘ಮಾರು’!

ಆಳವನ್ನು ಅಳೆಯುತ್ತಿದ್ದುದು ಹೇಗೆ ಗೊತ್ತೇ? ಉದ್ದನೆಯ ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಹಡಗಿನಿಂದ ನೀರಿಗೆ ಬಿಡುತ್ತಿದ್ದರು. ಹಗ್ಗದಲ್ಲಿ 2 ಮತ್ತು 3 ಮಾರಿಗೆ ತೊಗಲಿನ ಪಟ್ಟಿ, 5ಕ್ಕೆ ಬಿಳಿ ಬಟ್ಟೆ, 7ಕ್ಕೆ ಬೇರೆ ಬಗೆಯ ಕೆಂಪು ಬಟ್ಟೆ. ಕತ್ತಲಲ್ಲೂ ಕೈಯಿಂದ ಮುಟ್ಟಿ ಗುರುತಿಸಲು ಈ ಉಪಾಯ. ಗುಂಡಿನ ತಳದ ಕುಳಿಗೆ ಕೊಬ್ಬು ಮೆತ್ತುತ್ತಿದ್ದರು. ಅದಕ್ಕೆ ಮರಳೋ ಕೆಸರೋ ಅಂಟಿಕೊಂಡು ಮೇಲೆ ಬರುತ್ತಿತ್ತು. ಲಂಗರು ಎಲ್ಲಿ ಹಾಕಬಹುದೆಂದು ಅದರಿಂದ ತಿಳಿಯುತ್ತಿತ್ತು.

ಹಾಗಾದರೆ 7ರ ಆಚೆ 5 ಏಕೆ? ಅಲ್ಲಿ ನೀರಿನಡಿ ಮರಳ ದಿಬ್ಬವೋ ಬಂಡೆಯೋ ಇದೆ ಎಂದರ್ಥ. ಇಂಥ ಕಡೆ ಅಂಕಿ ಇನ್ನೂ ಕಡಿಮೆಯಾದರೆ ಹಡಗಿನ ತಳ ಒಡೆದು ಜನ ಮುಳುಗುತ್ತಾರೆ. ನಾವಿಕನು ಮೊದಲು ಹುಡುಕುವುದು ಅದನ್ನೇ. ಹುಡುಗಿಯ ಬೆರಳು ಸರಿಯಾದ ಜಾಗದಲ್ಲೇ ನಿಂತಿತ್ತು.

ಈ ನಕ್ಷೆಗಳನ್ನು ವಿದೇಶಿಯರು ಮಾಡಿಸಿದ್ದು ತಮ್ಮ ವ್ಯಾಪಾರಕ್ಕೆ, ಯುದ್ಧಕ್ಕೆ. ಅವರ ನಕ್ಷೆಗಳಲ್ಲೂ ತಪ್ಪುಗಳಿದ್ದವು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಿಂದ ನೆಲ ಅಳೆಯತೊಡಗಿದ. ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತಾ ಅವನ ತಂಡ ಮೈಸೂರು ಸೀಮೆಯನ್ನು ದಾಟಿ ಮಂಗಳೂರು ಮುಟ್ಟಿತು. ಹಳೆಯ ನಕ್ಷೆಗಳ ಪ್ರಕಾರ ಎರಡು ಕರಾವಳಿಗಳ ನಡುವೆ ಸುಮಾರು 400 ಮೈಲಿ. ಅಳೆದಾಗ ಸಿಕ್ಕಿದ್ದು 360 ಮೈಲಿ! ವ್ಯತ್ಯಾಸ 40 ಮೈಲಿ, ಅಂದರೆ ಸುಮಾರು 64 ಕಿಲೋಮೀಟರ್. ಹೆಚ್ಚುಕಡಿಮೆ ಚಿತ್ರದುರ್ಗದಿಂದ ದಾವಣಗೆರೆಗೆ ಇರುವಷ್ಟು ದೂರ.

ಇದನ್ನು ಓದಿದ ಮೇಲೆ ನನ್ನ ನಾಚಿಕೆ ಹೋಯಿತು. ಮತ್ತೆ ಆ ಶಾಲೆಗೆ ಹೋದೆ. "ಅವತ್ತು ನಾನು ಹೇಳಿದ್ದು ತಪ್ಪು. ನೀನು ಕೇಳಿದ್ದು ಸರಿ" ಎಂದು ಎಲ್ಲರೆದುರು ಹೇಳಿದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಅವಳು ತಲೆ ತಗ್ಗಿಸಿ ನಕ್ಕಳು. ಆಮೇಲೆ ಪ್ರಶ್ನೆಗಳ ಮಳೆಯೇ ಸುರಿಯಿತು.

ಅಂದು ನಾವು ಮಾಡಿದ್ದನ್ನು ನೀವೂ ಮಾಡಿ ನೋಡಿ. ಅಗಲವಾದ ಟಬ್ಬಿನಲ್ಲಿ ನಿಮ್ಮ ಶಿಕ್ಷಕರು ನಿಮಗೆ ಕಾಣದಂತೆ ಇಟ್ಟಿಗೆ, ಕಲ್ಲುಗಳನ್ನಿಡಲಿ. ಮೇಲೆ ಕೆಮ್ಮಣ್ಣು ಕಲಸಿದ ನೀರು ತುಂಬಲಿ. ನೀವು ದಾರಕ್ಕೆ ಸಣ್ಣ ಕಲ್ಲು ಕಟ್ಟಿ, ಸಾಲಾಗಿ ಒಂದೊಂದು ಕಡೆ ಇಳಿಬಿಟ್ಟು, ಆಳವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಚೌಕುಳಿ ಹಾಳೆಯ ಮೇಲೆ ಅಂಕಿಗಳನ್ನು ಬರೆಯಿರಿ. ಕಾಣದ ಇಟ್ಟಿಗೆ ಎಲ್ಲಿದೆಯೆಂದು ಅಂಕಿಗಳೇ ಹೇಳುತ್ತವೆ. ಆದರೆ ಕೆರೆ, ಬಾವಿಗಳ ಬಳಿ ಇದನ್ನು ಮಾಡಬೇಡಿ.

ಇಂದು ಹಡಗುಗಳು ಹಗ್ಗದ ಬದಲು ಶಬ್ದವನ್ನು ಬಳಸುತ್ತವೆ. ಕಡಲ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ. ಕಳಿಸಿದ ಶಬ್ದ ತಳಕ್ಕೆ ಬಡಿದು 2 ಸೆಕೆಂಡಿಗೆ ಮರಳಿದರೆ ಅಲ್ಲಿ ಆಳ ಎಷ್ಟು? 3000 ಮೀಟರ್ ಎಂದು ಅವಸರದಲ್ಲಿ ಹೇಳಬೇಡಿ. ನಾನೂ ಅವಸರದಲ್ಲೇ ತಪ್ಪಿದ್ದು. ಶಬ್ದ ಹೋಗಿದೆ, ಬಂದೂ ಇದೆ. ಲೆಕ್ಕ ಹಾಕಿ ನಿಮ್ಮ ಶಿಕ್ಷಕರಿಗೆ ತೋರಿಸಿ.